ಕಿರುಬೆರಳಿನಷ್ಟು ಸಂದು

"ತಲೆ ಕಡೆ ಎತ್ತಿ! ನಿಧಾನ, ನಿಧಾನ... ಬಣ್ಣ ಕಿತ್ತೀತು!"

ಅಳಿಯ ಹೇಳಿದ್ದು ಪಿಕಪ್ಪಿನ ಬಣ್ಣದ ಮಾತು. ಅವನ ಮಾವನ ಶವಪೆಟ್ಟಿಗೆ ಹೊತ್ತಿದ್ದ ನಾಲ್ವರು ಮುಖ ಮುಖ ನೋಡಿಕೊಂಡು ಅದನ್ನು ಹಿಂಬದಿಯ ತೊಟ್ಟಿಯೊಳಗೆ ಸರಿಸಿದರು.

ಪಿಕಪ್ಪಿಗೆ ಸತ್ತವನಿಗಿಂತ ಮೂರು ವರ್ಷ ಹೆಚ್ಚು ವಯಸ್ಸು. ಗುಂಡು ದೀಪ, ಕೆನೆಬಣ್ಣದ ಬಾಗಿಲು. ಅದನ್ನು ಮದುವೆಗೆ, ಸಿನಿಮಾ ಶೂಟಿಂಗಿಗೆ ಬಾಡಿಗೆಗೆ ಬಿಡಬೇಕೆಂದು ಅಳಿಯನ ಆಸೆ. ಆದರೆ ಕೇಳುತ್ತಿದ್ದ ಬೆಲೆಗೆ ಮಾವನ ವೆಲ್ಡಿಂಗ್ ಶೆಡ್ಡನ್ನು ಜಾಗದ ಸಮೇತ ಬರೆದುಕೊಡಬೇಕಿತ್ತು. ಶೆಡ್ಡು ಈಗ ಮಗಳದು. ಸಂಜೆಯೊಳಗೆ ಅವಳು ಹೂಂ ಅನ್ನದಿದ್ದರೆ ಬೇರೆ ಗಿರಾಕಿ ಇದ್ದಾನೆಂದು ಮಾರುವವನು ಸಾಂತ್ವನ ಹೇಳುವಾಗಲೇ ಹೇಳಿ ಮುಗಿಸಿದ್ದ. "ಸ್ಮಶಾನಕ್ಕೆ ಇದರಲ್ಲೇ ಕರ್ಕೊಂಡು ಹೋಗಿ ಸಾರ್, ಓಡಿಸಿ ನೋಡಿದ ಹಾಗೂ ಆಗುತ್ತೆ" ಎಂದು ಅಳಿಯನನ್ನು ಪುಸಲಾಯಿಸಿದ್ದ.

ಅಳಿಯ ಸ್ಟೀರಿಂಗ್ ಹಿಡಿದ. ಮಾರುವವನು ಪಕ್ಕದಲ್ಲಿ ಕೂತ. ಮಗಳೂ ಚಿಕ್ಕಪ್ಪನೂ ಹಿಂದೆ, ಪೆಟ್ಟಿಗೆಯ ಬದಿಗೆ. ಉಳಿದವರು ನಡೆದು ಬಂದರು.

"ನಮ್ಮಣ್ಣ ಬದುಕಿದ್ದಿದ್ರೆ ಇದನ್ನ ಹತ್ತೋಕೆ ಒಂದು ಗಂಟೆ ಮಾಡ್ತಿದ್ದ," ಎಂದ ಚಿಕ್ಕಪ್ಪ. "ಬಸ್ಸಿಗೂ ಅಷ್ಟೇ, ಎಲ್ಲಾ ಟೈರ್ ನೋಡ್ದೆ ಹತ್ತಿದವನಲ್ಲ. ಕಂಡಕ್ಟರ್ ಕೇಳೋನು, 'ಏನ್ ಯಜಮಾನ್ರೇ, ಹೆಣ್ಣು ನೋಡೋಕೆ ಬಂದಿದೀರಾ?' ಅಂತ. ಪುಕ್ಕಲ ಅಂದ್ರೆ ಪುಕ್ಕಲ!"

ಹಿಂದೆ ನಡೆಯುತ್ತಿದ್ದವರು ಕಣ್ಣೊರೆಸಿಕೊಂಡೇ ನಕ್ಕರು. ಮಗಳು ನಗಲಿಲ್ಲ. ಅವಳ ಕಣ್ಣು ಕ್ಯಾಬಿನ್ನಿಗೂ ತೊಟ್ಟಿಗೂ ನಡುವಿನ ಸಂದಿನ ಮೇಲಿತ್ತು. ಸಮ ರಸ್ತೆಯಲ್ಲಿ ಅದು ಕಿರುಬೆರಳಿನಷ್ಟು. ಚಕ್ರ ಗುಂಡಿಗೆ ಇಳಿದಾಗ ಎರಡು ಬೆರಳಾಯಿತು. ಮೇಲೆದ್ದಾಗ ಕೂದಲೂ ತೂರದಂತೆ ಮುಚ್ಚಿಕೊಂಡಿತು. ಕೆಳಗೆಲ್ಲೋ ಟಕ್ ಎಂದಿತು.

* * *

ಅವಳಿಗಾಗ ಹತ್ತು ವರ್ಷ. ಶೆಡ್ಡಿಗೆ ಬಂದಿದ್ದ ಹಳೇ ಲಾರಿಯ ಹಿಂದೆ ಅವಳನ್ನು ಹತ್ತಿಸಿ, ಅಪ್ಪ ಕ್ಯಾಬಿನ್ನಿನ ಹಿಂದಿನ ಅಂಥದೇ ಸಂದಿನಲ್ಲಿ ತನ್ನ ಬೆರಳಿಟ್ಟು, "ಕುಣಿಯಮ್ಮಾ" ಎಂದಿದ್ದ. ಅವಳು ಕುಣಿದಳು. "ಅಯ್ಯೋ, ನಿಲ್ಸು ನಿಲ್ಸು!" ಉಗುರು ನೀಲಿಗಟ್ಟಿತ್ತು.

"ಅಡಿಯ ಚೌಕಟ್ಟು, ಚಾಸಿ, ಬಿರುಕು ಬಿಟ್ಟಿದೆ ಸ್ವಾಮಿ," ಎಂದ ಲಾರಿಯವನಿಗೆ. " ಬೆಸುಗೆ ಹಾಕಿ ಬಣ್ಣ ಬಳಿದಿದಾರೆ. ಇಳಿಜಾರಲ್ಲಿ ಭಾರ ಮುಂದಕ್ಕೆ ಬಂತೋ, ಎರಡು ತುಂಡು."

"ನೀನೂ ಮೇಲೊಂದು ಬೆಸುಗೆ ಹಾಕಯ್ಯಾ. ಎರಡರಷ್ಟು ಕೊಡ್ತೀನಿ."

ಅಪ್ಪ ಕೈಮುಗಿದು ಅವನನ್ನು ಕಳಿಸಿಬಿಟ್ಟ. ಆಮೇಲೆ ಬಹಳ ಹೊತ್ತು ನೀರಿನ ಬಕೀಟಿನಲ್ಲಿ ಬೆರಳು ಅದ್ದಿಕೊಂಡು ಕೂತಿದ್ದ.

"ಮದುವೆಗೆ ಮುಂಚೆ ಒಂದು ಸಲ ಇಂಥದ್ದಕ್ಕೇ ಬೆಸುಗೆ ಹಾಕಿದ್ದೆ. ಬಣ್ಣಾನೂ ನಾನೇ ಬಳಿದಿದ್ದೆ. ಗಾಡಿ ತಗೊಂಡವನು ಮತ್ತೆ ಈ ಕಡೆ ಬರಲೇ ಇಲ್ಲ. ಬಂದು ಬೈದಿದ್ರೆ ಎಷ್ಟೋ ಚೆನ್ನಾಗಿತ್ತು."

"ಅವರೀಗ ಎಲ್ಲಿದಾರಪ್ಪಾ?"

"ಯಾರನ್ನೂ ಕೇಳಲಿಲ್ಲ ಕಣಮ್ಮ. ಧೈರ್ಯ ಬರಲಿಲ್ಲ."

* * *

ಮುಂದೆ ರಸ್ತೆ ಒಮ್ಮೆಲೇ ಕೆಳಗಿಳಿಯುತ್ತಿತ್ತು. ತುದಿಯಲ್ಲಿ ಕಲ್ಲಿನ ಗೋಡೆ, ಅಲ್ಲಿ ತಿರುಗಿದರೆ ಸ್ಮಶಾನ. ಅವಳು ಕ್ಯಾಬಿನ್ನಿನ ಕಡೆ ಕೈಯೆತ್ತಿ ಇಳಿಸಿಕೊಂಡಳು. ತಾನೇನು ವೆಲ್ಡರೇ? ತಪ್ಪಿದ್ದರೆ? ಅಪ್ಪನನ್ನು ನಡುರಸ್ತೆಯಲ್ಲಿ ನಿಲ್ಲಿಸಿದಳೆಂದು ನಾಳೆ ಊರೆಲ್ಲ ಆಡಿಕೊಳ್ಳುವುದಿಲ್ಲವೇ? ಪಿಕಪ್ಪಿನ ಮೂತಿ ತಗ್ಗಿತು. ಸಂದು ಬಾಯ್ಬಿಟ್ಟಿತು.

ಅವಳು ಕ್ಯಾಬಿನ್ನಿನ ತಗಡನ್ನು ಎರಡೂ ಕೈಯಲ್ಲಿ ಬಡಿದಳು. "ನಿಲ್ಸಿ ರೀ! ನಿಲ್ಸೀ!"

ಬ್ರೇಕು ಕಿರುಚಿತು. ಅಳಿಯ ಕೆಳಗಿಳಿದು, "ಏನೇ ಇದು, ಮಾವನ್ನ ಇಟ್ಕೊಂಡು ರಂಪ?" ಎಂದ.

"ಅಪ್ಪನ್ನ ಇಳಿಸಿ. ಹೊತ್ಕೊಂಡು ಹೋಗೋಣ. ಇದರ ಚಾಸಿ ಸರಿಯಿಲ್ಲ."

ಮಾರುವವನು ನಕ್ಕ. "ಟನ್‌ಗಟ್ಟಲೆ ಹೊತ್ತಿರೋ ಗಾಡಿ ತಾಯೀ. ಒಂದು ಪೆಟ್ಟಿಗೆಗೆ ಹೆದರ್ತೀರಾ?"

"ಹೌದು, ಹೆದರ್ತೀನಿ," ಎಂದಳು. "ನೀವು ಹೆದರಬೇಡಿ. ಓಡಿಸ್ಕೊಂಡು ಕೆಳಗೆ ಬನ್ನಿ. ಆ ಗೋಡೆ ಹತ್ರ ಬಂದು ನಿಂತ್ರೆ ನೀವು ಹೇಳಿದ್ದೇ ಬೆಲೆ. ಶೆಡ್ಡಿನ ಬೀಗದಕೈ ಅಲ್ಲೇ ಕೊಡ್ತೀನಿ."

ಮಾತು ಆಡಿದ ಮೇಲಷ್ಟೇ ಅವಳಿಗೆ ಹೊಳೆಯಿತು: ಬಂದೇಬಿಟ್ಟರೆ?

"ಕೇಳಿದ್ರಲ್ಲ ಎಲ್ರೂ?" ಮಾರುವವನು ಡ್ರೈವರ್ ಸೀಟಿಗೆ ಹತ್ತಿ ಕೂತ. ನಾಲ್ವರು ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ರಸ್ತೆಯ ಅಂಚು ಹಿಡಿದು ಇಳಿಯತೊಡಗಿದರು. ಅಳಿಯ ಮುಖ ಗಂಟಿಕ್ಕಿಕೊಂಡು, "ನಾನು ಗಾಡೀಲೇ ಬರ್ತೀನಿ" ಎನ್ನುತ್ತ ಪಕ್ಕದ ಬಾಗಿಲಿಗೆ ಕೈಹಾಕಿದ.

"ಬೇಡ್ರೀ!" ಎಂದು ಅವಳು ಓಡಿದಳು.

"ಬೇಡ ಸಾರ್," ಎಂದ ಮಾರುವವನೂ. "ನೀವು ಅವರ ಜೊತೆ ನಡೀರಿ."

"ಯಾಕೆ?"

ಮಾರುವವನು ಗೋಡೆಯನ್ನು ನೋಡಿದ. ಹ್ಯಾಂಡ್‌ಬ್ರೇಕ್ ಇನ್ನೊಮ್ಮೆ ಜಗ್ಗಿ, ಮೆಲ್ಲನೆ ಇಳಿದು, ರಸ್ತೆಬದಿಯಿಂದ ಒಂದು ದಪ್ಪ ಕಲ್ಲು ತಂದು ಮುಂದಿನ ಚಕ್ರಕ್ಕೆ ಒತ್ತಿಟ್ಟ. ಅದೂ ಸಾಲದೆಂದು ಹುಲ್ಲಿನಲ್ಲಿ ಇನ್ನೊಂದನ್ನು ಹುಡುಕತೊಡಗಿದ.