ಎಡಕ್ಕೆ ಎಳೆಯೋ ಲಾರಿ

ಶಿಕಾರಿಪುರದಿಂದ ಸೊರಬ ಮುಟ್ಟೋ ಅಷ್ಟೊತ್ತಿಗೆ ಉಚ್ಚಂಗಪ್ಪನ ಬಲಭುಜ ಅವನದ್ದಲ್ಲ ಅನ್ನೋ ಹಂಗಾಗಿತ್ತು. ದಾರಿ ಉದ್ದಕ್ಕೂ ಲಾರಿ ಎಡಕ್ಕೆ ಎಳಿಯೋದು, ಇವನು ಬಲಕ್ಕೆ ಎಳಿಯೋದು. ಹಟಮಾರಿ ಎತ್ತಿನ ಮೂಗುದಾರ ಹಿಡಿದಂಗೆ. ಶಿರಾಳಕೊಪ್ಪದಾಗೆ ಚಾ ಕುಡಿಯೋಕೆ ನಿಲ್ಸಿದಾಗ ಗ್ಲಾಸು ಎಡಗೈಯಾಗೇ ಹಿಡ್ಕಂಡಿದ್ದ.

ಲಾರಿ ಹಳೇದು, ನಿಜ. ಆದ್ರೆ ಮನೇಲಿ ಈಗ ಮಾತೇ ಬೇರೆ. "ಲಾರಿ ಸರಿ ಐತ್ರಿ, ನಿಮ್ ತೋಳಾಗೆ ಕಸುವಿಲ್ಲ. ಕೀಲಿ ಗೂಟಕ್ಕೆ ಹಾಕಿ ಹೊಲ ನೋಡ್ಕಳ್ರಿ," ಅಂತ ಹೆಂಡ್ತಿ ಸುಂಕಲಮ್ಮ ಹೇಳಿ ಹೇಳಿ ಸಾಕಾಗಿದ್ಲು. ಕೇಳಿ ಕೇಳಿ ಇವನಿಗೂ ಸಾಕಾಗಿತ್ತು. ಮುಂಜಾನೆ ಹೊರಡೋ ಮುಂಚೆ ಮಾತು ಕೊಟ್ಟೇಬಿಟ್ಟಿದ್ದ: ಈ ಸಲನೂ ಲಾರಿಯಾಗೆ ತಪ್ಪು ಸಿಗ್ಲಿಲ್ಲ ಅಂದ್ರೆ ಇನ್ನು ಸ್ಟೇರಿಂಗ್ ಮುಟ್ಟಲ್ಲ. ಮೀಸೆ ಮೂಡೋ ಮುಂಚೆ ಹಿಡಿದ ಸ್ಟೇರಿಂಗು ಅದು.

ಸೊರಬದ ಮೆಕ್ಯಾನಿಕ್ ಮಾಸ್ತಪ್ಪ ಶೆಡ್ಡಿನ ಮುಂದೆ ಸ್ಟೂಲ್ ಹಾಕ್ಕೊಂಡು ಕೂತಿದ್ದ. ಲಾರಿ ನೋಡಿದ್ದೇ ನಿಟ್ಟುಸಿರು ಬಿಟ್ಟ.

"ಮತ್ತೆ ಬಂದ್ಯಾ ಮಾರಾಯ? ಹೋದ ತಿಂಗಳಷ್ಟೇ ಅಲೈನ್‌ಮೆಂಟ್ ಮಾಡಿ ಕಳಿಸಿದ್ದೆ."

"ಎಡಕ್ಕೆ ಎಳೀತೈತಿ."

"ನಾ ಓಡಿಸಿ ನೋಡಿದಾಗ ನೆಟ್ಟಗೆ ಹೋಗ್ತದೆ. ನಿಂಗೊಬ್ಬಂಗೇ ಎಡಕ್ಕೆ ಎಳೀತದಾ? ಎಂತ ಹಗೆ ಅದಕ್ಕೆ ನಿನ್ ಮೇಲೆ?"

ಉಚ್ಚಂಗಪ್ಪ ನಗಲಿಲ್ಲ. ಇದೇ ಮಾತನ್ನೇ ಸುಂಕಲಮ್ಮನೂ ಹೇಳೋದು.

ಮಾಸ್ತಪ್ಪ ಬೇಜಾರಲ್ಲೇ ಎದ್ದ. ಬಲಗಡೆ ಡ್ರಮ್ಮಿಗೆ ಅಂಗೈ ಇಟ್ಟ, ಎಡಗಡೆದಕ್ಕೆ ಇಟ್ಟ. ಎರಡೂ ಒಂದೇ ಬಿಸಿ. ಬ್ರೇಕ್ ಹಿಡ್ಕೊಂಡಿಲ್ಲ. ಟೈರನ್ನ ಆಗ್ಲೇ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡಾಗಿತ್ತು. ಮುಂದಿನ ಚಕ್ರ ತಿರುಗಿಸೋ ಕಿಂಗ್‌ಪಿನ್ನೂ ಹೊಸದು. ಇನ್ನೇನಿದೆ ನೋಡೋಕೆ? ಅಂತ ಗೊಣಗ್ತಾ ಜಾಕ್ ಎಳೆದ.

"ಲೋಡ್ ಐತಿ," ಅಂದ ಉಚ್ಚಂಗಪ್ಪ. ಮೆಕ್ಕೆಜೋಳದ ಚೀಲ. ಪ್ರತಿ ಸಲ ಇಳಿಸಿ ಬರ್ತಿದ್ದ, ಈ ಸಲ ಕೈ ಸೋತು ನೇರ ಶೆಡ್ಡಿಗೇ ತಂದು ನಿಲ್ಸಿದ್ದ.

ಮಾಸ್ತಪ್ಪ ಜಾಕ್ ಕೆಳಗಿಟ್ಟ. "ಲೋಡ್ ಇದ್ದಾಗ ನಾ ಒಂದ್ಸಲನೂ ನೋಡಿಲ್ಲ," ಅಂದ. ಆಮೇಲೆ ಒಳಗಿಂದ ಗಾರೆಯೋರು ಹಿಡಿಯೋ ದಾರ ತಂದು, "ಎಡಗಡೆ ಬಾ, ಆ ತುದಿ ಹಿಂದಿನ ಚಕ್ರದ ನಡುವಿಗೆ ಹಿಡಿ," ಅಂದ. ಮುಂದಿನ ಚಕ್ರದ ನಡುವಿಗೆ ತಾನು ಹಿಡ್ದು ದಾರಕ್ಕೆ ಗಂಟು ಹಾಕ್ದ. ಅದೇ ದಾರ ಬಲಗಡೆ ಹಿಡಿದು ನೋಡಿದ್ರೆ ಸಾಲ್ಲಿಲ್ಲ. ಎರಡು ಬೆರಳು ಕಮ್ಮಿ.

"ಮುಂದಿನ ಆಕ್ಸಲ್ ಎಡಗಡೆ ಹಿಂದಕ್ಕೆ ಸರ್ದಿದೆ," ಅಂದ ಮಾಸ್ತಪ್ಪ, ತನಗೇ ಹೇಳ್ಕೊಂಡಂಗೆ. "ಖಾಲಿ ಇದ್ದಾಗ ನಾ ಜಾಕ್ ಹಾಕ್ತಿದ್ದೆ. ಎತ್ತಿದ ಕೂಡ್ಲೆ ತನ್ ಜಾಗಕ್ಕೆ ಬಂದು ಕೂತ್ಕೊಳ್ತಿತ್ತು. ಕಳ್ಳ."

ಇಬ್ರೂ ಎಡಗಡೆ ಬಗ್ಗಿ ನೋಡಿದ್ರು. ಭಾರ ಹೊರೋ ಸ್ಪ್ರಿಂಗ್ ಪಟ್ಟಾನ ಆಕ್ಸಲ್‌ಗೆ ಬಿಗಿಯೋ ಯು-ಬೋಲ್ಟಿನ ಸುತ್ತ ಕರಿದಾರ, ಗ್ರೀಸು ಮಣ್ಣು ಕುಡಿದು ಹಗ್ಗದಷ್ಟು ದಪ್ಪ ಆಗಿತ್ತು. ಹಿಂದೊಮ್ಮೆ ಈಸೂರು ಹತ್ರ ಲಾರಿ ಎಡಕ್ಕೆ ಜಾರಿ ಚರಂಡಿಗೆ ಇಳಿದಾಗ ಸುಂಕಲಮ್ಮ ಚಂದ್ರಗುತ್ತಿ ಅಮ್ಮನ ಹತ್ರ ಪೂಜೆ ಮಾಡಿಸಿ ತಂದು ಕಟ್ಟಿದ್ದು. ಕಬ್ಬಿಣ ತಾಗಿಸಬ್ಯಾಡ್ರಿ ಅಂದಿದ್ಲು.

"ಪ್ರತಿ ಸರ್ವೀಸಿಗೂ ಬಲಗಡೆ ನಟ್ ಬಿಗಿ ಮಾಡ್ದೆ," ಅಂದ ಮಾಸ್ತಪ್ಪ.

"ಎಡಗಡೆ?"

"ಸ್ಪಾನರ್ ಕಬ್ಬಿಣ ಅಲ್ದನಾ? ನೀನೇ ಹೇಳಿದ್ದು."

ಉಚ್ಚಂಗಪ್ಪ ನೆಲದ ಮೇಲೇ ಕೂತ. ಮನೆಗೆ ಫೋನ್ ಹಚ್ಚಿದ.

"ನಾನ್ ಹೇಳಿದ್ದು ಚಾಕು ಕತ್ರಿ ಹಾಕ್ಬ್ಯಾಡ್ರಿ ಅಂತ," ಅಂದ್ಲು ಸುಂಕಲಮ್ಮ. "ಬಿಗಿ ಮಾಡಬ್ಯಾಡ್ರಿ ಅಂದೆನಾ? ಅಮ್ಮ ಏನು ನಿಮ್ ಬೋಲ್ಟು ಹಿಡ್ಕಂಡು ಕೂತಿರ್ತಾಳಾ? ಕೈಲೇ ಬಿಚ್ರಿ. ಹೊಸದು ನಾ ತರ್ತೀನಿ." ಆಮೇಲೆ, "ಹಂಗಾದ್ರೆ ತಪ್ಪು ಲಾರಿದೇನಾ?" ಅಂತ ಕೇಳಿದ್ಲು.

"ನೋಡ್ಬೇಕು," ಅಂದ.

ಗೋಣಿಚೀಲ ಹಾಸ್ಕಂಡು ಲಾರಿ ಅಡಿಗೆ ತೂರ್ದ. ಗಂಟು ಕಲ್ಲಾಗಿತ್ತು. ಉಗುರಲ್ಲಿ ಕಿತ್ತು, ಡೀಸೆಲ್ ಸವರಿ, ಭುಜ ನಡುಗಿದಾಗ ಎದೆ ಮೇಲೆ ಕೈ ಇಟ್ಕಂಡು ಸುಧಾರಿಸ್ಕಂಡು, ಮತ್ತೆ ಕೈ ಎತ್ತಿ, ಕೊನೆಗೂ ಬಿಚ್ದ. ದಾರದ ಅಡಿಗೆ ಕಬ್ಬಿಣ ಉಜ್ಜಿ ಉಜ್ಜಿ ಬೆಳ್ಳಿ ಹಂಗೆ ಹೊಳೀತಿತ್ತು. ನಟ್ಟು ಬೆರಳಲ್ಲೇ ತಿರುಗ್ತು. ಪಟ್ಟಾದ ನಡುವಿನ ಬೋಲ್ಟ್ ತುಂಡಾಗೇ ಹೋಗಿತ್ತು.

ಮಾಸ್ತಪ್ಪ ಚಾಸಿಗೆ ದಿಮ್ಮಿ ಕೊಟ್ಟು ಹೊಸ ಬೋಲ್ಟ್ ಹಾಕಿ, ನಟ್ ಬಿಗಿದು, ಅಲೈನ್‌ಮೆಂಟ್ ಮತ್ತೆ ಮಾಡೋ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಈ ಸಲ ತಾನು ಓಡಿಸಿ ನೋಡ್ಲಿಲ್ಲ. ಪಕ್ಕದ ಸೀಟಲ್ಲಿ ಹತ್ತಿ ಕೂತು, "ನೀನೇ ಓಡ್ಸು," ಅಂದ.

ಊರು ದಾಟಿ ನೆಟ್ಟನೆ ರಸ್ತೆ ಸಿಕ್ತು. ಲಾರಿ ಬಲಕ್ಕೆ ವಾಲ್ತು.

ಉಚ್ಚಂಗಪ್ಪ ಸ್ಟೇರಿಂಗನ್ನ ಇನ್ನೂ ಬಿಗಿಯಾಗಿ ಹಿಡಿದ.

"ಕೈ ಬಿಡು," ಅಂದ ಮಾಸ್ತಪ್ಪ. "ಎಳೀತಿರೋನು ನೀನು."

ಉಚ್ಚಂಗಪ್ಪ ಕೈ ಸಡಿಲ ಮಾಡ್ದ. ಲಾರಿ ನೆಟ್ಟಗೆ ಹೋಯ್ತು, ಮೂಗಿನ ನೇರಕ್ಕೆ ಗೆರೆ ಎಳೆದಂಗೆ. ಸ್ಟೇರಿಂಗು ತನ್ನಷ್ಟಕ್ಕೆ ತಾನು ಸಣ್ಣಗೆ ನಡುಗ್ತಿತ್ತು. ಬಲಗೈಯನ್ನ ತೊಡೆ ಮೇಲೆ ಇಟ್ಕಂಡ. ನೋವು ಹಂಗೇ ಇತ್ತು, ಆದ್ರೆ ಅದು ದುಡಿದ ಕೈಯ ನೋವು.

"ಮನೆಗೆ ಫೋನ್ ಮಾಡಲ್ವಾ?" ಅಂದ ಮಾಸ್ತಪ್ಪ.

"ಮಾಡ್ತೀನಿ, ತಪ್ಪು ಲಾರಿದೇ ಅಂತ. ಮೊದ್ಲು ಲೋಡ್ ಇಳಿಸ್ಬೇಕು. ಆಮೇಲೆ ಎಲ್ಲಾದ್ರೂ ಒಂದ್ ಕಡೆ ಮಲಗ್ಬೇಕು."