ಏಳು ದಿನ, ಐದು ಬಂದರು

ಪುಷ್ಪ ಬರುವುದಿಲ್ಲವೆಂದರೆ ಹಡಗು ಪ್ರವಾಸದ ಆ ಎರಡನೆಯ ಜಾಗಕ್ಕೆ ಧರ್ಮಪ್ಪ ಯಾರನ್ನು ಕರೆದಾನು? ತನ್ನನ್ನೇ ಕರೆಯಬೇಕು. ಇಂಗ್ಲಿಷ್ ಬಲ್ಲವರು ಅವನ ನಂಟರಲ್ಲಿ ಇನ್ನಾರಿದ್ದಾರೆ? ಆದರೆ ಕರೆಯದೆಯೂ ಇರಬಹುದು. ಅಂಗಡಿಯ ಬೆಂಚಿನ ಮೇಲೆ ದಿನಾ ಕೂತು ಎಲೆಯಡಿಕೆ ಹಾಕುವ ಗೆಳೆಯರಿಗೆ ಅವನಲ್ಲಿ ಬರವಿರಲಿಲ್ಲ. ಅಷ್ಟಕ್ಕೂ ಪುಷ್ಪ ಬರುವುದಿಲ್ಲವೆಂದು ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಹಾಗೆ ಹೇಳಿಕೊಂಡದ್ದು ಚಂದ್ರಯ್ಯನ ಮನಸ್ಸು ಮಾತ್ರ. ಅದೂ ತೀರ್ಥಹಳ್ಳಿಯಲ್ಲಿ ಬಸ್ಸಿಳಿದು ಒಂದು ಲೋಟ ಕಾಫಿ ಕುಡಿಯುವುದರೊಳಗೆ.

"ಏನ್ ಭಾವ, ಓದ್ತಾ ಇದೀರೋ, ನಿದ್ದೆ ಮಾಡ್ತಾ ಇದೀರೋ?" ಗಲ್ಲಾಪೆಟ್ಟಿಗೆಯ ಹಿಂದಿನಿಂದ ಧರ್ಮಪ್ಪ ಕೂಗಿದ. "ಯಾವ ಹಡಗು ಬೆಸ್ಟು ಅಂತ ಹೇಳಿ ಮಾರಾಯ್ರೆ. ಕಂಪನಿಗೆ ತಿಳಿಸ್ಬೇಕು."

"ಓದದೆ ಹೇಳೋಕಾಗುತ್ತೇನಯ್ಯ?" ಎಂದು ಚಂದ್ರಯ್ಯ ಮಡಿಲಲ್ಲಿದ್ದ ನುಣುಪು ಹಾಳೆಯ ಪುಸ್ತಿಕೆಯನ್ನು ಮತ್ತೆ ಬಿಡಿಸಿದ.

ಧರ್ಮಪ್ಪ ಅವನ ಷಡ್ಡಕ. ಅಕ್ಕ ವರದಮ್ಮನನ್ನು ಹೊಸನಗರದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಚಂದ್ರಯ್ಯನಿಗೆ ಕೊಟ್ಟಾಗ ಮಾವನ ಮನೆಯವರು ಬಿ.ಎ. ಅಳಿಯ ಸಿಕ್ಕಿದನೆಂದು ಬೀಗಿದ್ದರು. ತಂಗಿ ಪುಷ್ಪಳಿಗೆ ಸಿಕ್ಕಿದವನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಆದರೆ ಅವನು ಪಂಪ್‌ಸೆಟ್ಟಿನ ಏಜೆನ್ಸಿ ಹಿಡಿದ, ಅದು ಕೈಹತ್ತಿತು. ಈಗೀಗ ಹಬ್ಬಕ್ಕೆ ಎಲ್ಲರೂ ಸೇರಿದರೆ ಮಾವ ಮೊದಲು ಕೇಳುವುದು "ಧರ್ಮಪ್ಪ ಬಂದ್ನಾ?" ಎಂದು. ಊಟಕ್ಕೆ ಎಬ್ಬಿಸುವಾಗಲೂ ಅವನ ಹೆಸರೇ ಮೊದಲು. ಇದನ್ನು ಯಾರೂ ಎತ್ತಿ ಆಡಿರಲಿಲ್ಲ, ವರದಮ್ಮ ಕೂಡ. ಆಡದೆ ಇದ್ದದ್ದೇ ಚಂದ್ರಯ್ಯನನ್ನು ಹೆಚ್ಚು ಕೊರೆಯುತ್ತಿತ್ತು.

ಈಗ ಇದು ಬೇರೆ. ಹೆಚ್ಚು ಪಂಪು ಮಾರಿದ ಡೀಲರುಗಳನ್ನು ಕಂಪನಿ ಪ್ರತಿವರ್ಷ ಸಿಂಗಾಪುರಕ್ಕೆ ಕಳಿಸುತ್ತಿತ್ತಂತೆ. ಈ ಎಂಬತ್ನಾಲ್ಕರಲ್ಲಿ ಅಮೆರಿಕದ ಪಾಲುದಾರರು ಯಾರೋ ಸಿಕ್ಕಿ, ಗೆದ್ದ ಡೀಲರಿಗೂ ಜೊತೆಗೊಬ್ಬರಿಗೂ ಕೆರಿಬಿಯನ್ ಸಮುದ್ರದಲ್ಲಿ ವಾರದ ಹಡಗು ಪ್ರವಾಸವೆಂದು ತೀರ್ಮಾನವಾಗಿತ್ತು. ಗೆದ್ದವರಲ್ಲಿ ಧರ್ಮಪ್ಪನೂ ಒಬ್ಬ. ಎರಡು ಹಡಗು ಕಂಪನಿಗಳ ಪುಸ್ತಿಕೆ ಕಳಿಸಿ, ನಿಮಗೆ ಯಾವುದು ಬೇಕೋ ಆರಿಸಿಕೊಳ್ಳಿ ಎಂದಿದ್ದರು. ಧರ್ಮಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅಂಗಡಿಗೆ ಬಂದ ಹೊಸನಗರದ ಬಸ್ಸಿನ ಕಂಡಕ್ಟರನ ಕೈಯಲ್ಲಿ "ಭಾವಂಗೆ ಬರಕ್ಕೆ ಹೇಳು" ಎಂದು ಹೇಳಿ ಕಳಿಸಿದ್ದ.

ಒಂದು ಹಡಗು ಮಿಯಾಮಿಯಿಂದ ಹೊರಟು ಮೂರೇ ಬಂದರಿನಲ್ಲಿ ನಿಲ್ಲುತ್ತಿತ್ತು. ಉಳಿದ ದಿನವೆಲ್ಲ ನೀರಿನ ಮೇಲೆ. ಇನ್ನೊಂದು ಸಾನ್ ಹುವಾನ್‌ನಿಂದ ಹೊರಟು ದ್ವೀಪದಿಂದ ದ್ವೀಪಕ್ಕೆ ಇಳಿಯುತ್ತಿತ್ತು: ಸೇಂಟ್ ಥಾಮಸ್, ಆಂಟಿಗುವಾ, ಬಾರ್ಬಡೋಸ್, ಗ್ರೆನಡಾ, ಟ್ರಿನಿಡಾಡ್. ಆ ಹೆಸರುಗಳನ್ನು ಚಂದ್ರಯ್ಯ ಎರಡೆರಡು ಸಲ ಓದಿದ. ಅವುಗಳಲ್ಲಿ ಕೆಲವು ಅವನಿಗೆ ತನ್ನ ಸ್ವಂತ ಊರುಗಳಿದ್ದಂತೆ. ಬಾರ್ಬಡೋಸಿನ ಬ್ರಿಜ್‌ಟೌನ್, ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್. ಕಾಲೇಜಿನಲ್ಲಿದ್ದಾಗಿನಿಂದ ಶಾರ್ಟ್‌ವೇವ್ ರೇಡಿಯೋಗೆ ಕಿವಿ ಹಚ್ಚಿ ಅಲ್ಲಿನ ಕ್ರಿಕೆಟ್ ಕಾಮೆಂಟರಿ ಕೇಳಿದವನು ಅವನು. ಕರಕರ ಸದ್ದಿನ ನಡುವೆ ಜನ ಡಬ್ಬ ಬಡಿಯುವುದು, ಶಂಖ ಊದುವುದು, ಮೈದಾನದ ಆಚೆ ಬೆಟ್ಟದ ಮೇಲೆ ಮೋಡ ಬಂತೆಂದು ಯಾರೋ ಹೇಳುವುದು. ಭೂಪಟವಿಲ್ಲದೆ ಆ ದ್ವೀಪಗಳ ಸಾಲನ್ನು ಬೋರ್ಡಿನ ಮೇಲೆ ಬರೆಯಬಲ್ಲ. ಅಂಥ ಜಾಗಕ್ಕೆ ಭೂಪಟದಲ್ಲಿ ಕೊಪ್ಪ ಹುಡುಕಲೂ ಬಾರದ ಧರ್ಮಪ್ಪ ಹೋಗುತ್ತಾನೆ!

"ಇದು ನಮ್ಮ ಷಟಲ್ ಬಸ್ಸಿನ ಜಾತಿ," ಧರ್ಮಪ್ಪ ಪಕ್ಕಕ್ಕೆ ಬಂದು ಬಗ್ಗಿ ನೋಡಿದ. "ಕೈ ತೋರಿಸ್ದಲ್ಲೆಲ್ಲ ನಿಲ್ಲುತ್ತೆ. ಇನ್ನೊಂದು ಎಕ್ಸ್‌ಪ್ರೆಸ್ಸು ಅಲ್ದಾ? ಆರಾಮಾಗಿ ಕೂತು ತಿನ್ಕೊಂಡು ಹೋಗ್ಬೋದು."

"ಅಷ್ಟು ದೂರ ಹೋಗಿ ತಿನ್ನೋದೊಂದೇನಾ? ಬೆಳಿಗ್ಗೆ ಇಳಿದು ಊರು ನೋಡಿ, ಸಂಜೆ ಹಡಗು ಹತ್ತೋದು. ದಿನಕ್ಕೊಂದು ದೇಶ."

"ಹೊತ್ತಾದ್ರೆ?"

"ಬಿಟ್ಟು ಹೋಗುತ್ತೆ."

"ಅಯ್ಯೋ, ನಮ್ಮ ಬಸ್ಸಾದ್ರೆ ಏಜೆಂಟಿಗೆ ಹೇಳಿ ನಿಲ್ಲಿಸ್ಬೋದಿತ್ತು." ಧರ್ಮಪ್ಪ ನಕ್ಕ. "ಅಲ್ಲಿ ನಮ್ಮ ಪೈಕಿಯೋರು ಯಾರೂ ಇಲ್ವಲ್ಲ ಭಾವ! ಆಯ್ತು, ನೀವೇ ಬರ್ದು ಕೊಡಿ. ಯಾವ ಊರಲ್ಲಿ ಎಂತ ನೋಡದು, ಎಷ್ಟೊತ್ತಿಗೆ ವಾಪಸ್ ಬರದು, ಎಲ್ಲ. ನಾವು ಕುರಿ ಹಂಗೆ ಹಂಗೇ ನಡ್ಕೊಂಡು ಹೋಗ್ತೀವಿ."

ಹೊರಗೆ ಯಾರೋ ಗಿರಾಕಿ ಕರೆದರು. ಧರ್ಮಪ್ಪ ಅತ್ತ ಹೋದ. ಒಳಮನೆಯ ಪರದೆ ಸರಿಸಿ ಪುಷ್ಪ ಹಲಸಿನ ಹಪ್ಪಳದ ತಟ್ಟೆ ತಂದಿಟ್ಟಳು. ಇಟ್ಟವಳು ಹೋಗಲಿಲ್ಲ. ಪುಸ್ತಿಕೆಯಲ್ಲಿದ್ದ ಒಂದು ಚಿತ್ರದ ಮೇಲೆ ಬೆರಳಿಟ್ಟಳು. ಹಡಗಿನ ಕಟಕಟೆ ಹಿಡಿದು ನಿಂತ ಒಬ್ಬ ಹೆಂಗಸು. ಅವಳ ಕೂದಲು ಗಾಳಿಗೆ ಹಾರುತ್ತಿತ್ತು.

"ಭಾವ, ಸೀರೆ ಉಟ್ಕೊಂಡು ಆ ಮರಳಲ್ಲಿ ನಡೀಬೋದಾ? ನಗಾಡ್ತಾರಾ?"

"ಯಾರು ನೋಡ್ತಾರೆ ಅಲ್ಲಿ."

"ಅದೇ ಮತ್ತೆ. ಅಲ್ಲಿ ನಮ್ಮನ್ನ ಯಾರೂ ನೋಡದಿಲ್ಲ!" ಅವಳು ಒಮ್ಮೆ ನಕ್ಕು, ದನಿ ತಗ್ಗಿಸಿದಳು. "ನಂಗೆ ಒಂದೇ ಯೋಚ್ನೆ. ನಿಮ್ಗೆ ಗೊತ್ತಲ್ಲ, ನಂಗೆ ಬಸ್ಸಲ್ಲಿ ಆಗದಿಲ್ಲ. ಶಿವಮೊಗ್ಗ ಮುಟ್ಟೋದ್ರೊಳಗೆ ಮೂರು ನಿಂಬೆಹಣ್ಣು ಬೇಕು. ಇವರನ್ನ ಕೇಳಿದ್ರೆ ಎಂತ ಆಗದಿಲ್ಲ ಬಾ ಅಂತಾರೆ. ಇವರಿಗೆ ಎಂತ ಗೊತ್ತು? ನೀವು ಓದಿದೋರು. ನೀವು ಹೇಳಿದ್ರೆ ನಾನು ಧೈರ್ಯ ಮಾಡ್ತೀನಿ."

ಚಂದ್ರಯ್ಯ ಹಪ್ಪಳದ ಚೂರೊಂದನ್ನು ಮುರಿದ.

"ಆಗುಂಬೆ ಘಾಟಿ ಇಳಿದಿದೀಯಲ್ಲ?"

"ಒಂದೇ ಸಲ. ಸಾಕಾಗಿ ಹೋಯ್ತು."

"ಘಾಟಿಗೆ ಒಂದು ಕೊನೆ ಇದೆ. ಸೋಮೇಶ್ವರ ಬಂದ್ರೆ ಮುಗೀತು. ಸಮುದ್ರಕ್ಕೆ ಕೊನೆ ಇಲ್ಲ ಪುಷ್ಪ. ಏಳು ದಿನ ಅದೇ ತಿರುವು, ಅದೇ ಇಳಿಜಾರು."

ಅವಳ ಬೆರಳು ಚಿತ್ರದ ಮೇಲಿಂದ ಸರಿಯಿತು. ಆದರೂ ಸೋಲಲಿಲ್ಲ. "ಅಲ್ಲ ಭಾವ, ಸಾಗರದಿಂದ ತುಮರಿಗೆ ಮದುವೆಗೆ ಹೋಗಿದ್ವಲ್ಲ, ನೀವು, ಅಕ್ಕ, ನಾನು? ಲಾಂಚಲ್ಲಿ ನಂಗೆ ಎಂತದೂ ಆಗ್ಲಿಲ್ಲ. ನಾನು ಮುಂದೆ ನಿಂತಿದ್ದೆ. ಅಕ್ಕಂಗೇ ತಲೆ ತಿರುಗಿದ್ದು."

ಅದು ನಿಜವಾಗಿತ್ತು. ಆಗಿನ್ನೂ ಮದುವೆಯಾಗದ ಪುಷ್ಪ ಲಾಂಚಿನ ಮೂತಿಯಲ್ಲಿ ನಿಂತು, ಮುಖದ ಮೇಲೆ ಹನಿ ಎರಚಿದಾಗಲೆಲ್ಲ ಕಿರುಚಿ ನಗುತ್ತಿದ್ದುದು ಅವನ ಕಣ್ಣಿಗೆ ಕಟ್ಟಿದಂತಿತ್ತು.

"ಅದು ಅಣೆಕಟ್ಟಿನ ಹಿಂದೆ ನಿಂತ ನೀರು ಮಾರಾಯ್ತಿ," ಎಂದ ಅವನು, ತರಗತಿಯಲ್ಲಿ ತಪ್ಪು ಉತ್ತರ ತಿದ್ದುವ ಸಮಾಧಾನದಲ್ಲಿ. "ನಿಂತ ನೀರಿಗೂ ಸಮುದ್ರಕ್ಕೂ ಹೋಲಿಕೆ ಮಾಡ್ತಾರಾ? ಬಸ್ಸಲ್ಲಾದ್ರೆ ನಿಲ್ಲಿಸಿ ಇಳ್ಕೊಬೋದು. ಅಲ್ಲಿ ನಡು ನೀರಲ್ಲಿ ಎಲ್ಲಿ ಇಳೀತೀಯ? ನಿನ್ನಿಷ್ಟ. ನಾನು ಇದ್ದಿದ್ದು ಹೇಳ್ದೆ."

ಪುಷ್ಪ ಪುಸ್ತಿಕೆಯನ್ನು ಮೆಲ್ಲಗೆ ಮುಚ್ಚಿ ಅವನತ್ತ ಸರಿಸಿದಳು. "ಹೇಳಿದ್ದು ಒಳ್ಳೇದಾಯ್ತು ಭಾವ," ಎಂದು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಚಂದ್ರಯ್ಯನಿಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಅದು ಎರಡು ಗಳಿಗೆ ಮಾತ್ರ. ಆಮೇಲೆ ಮೈ ಹಗುರಾಯಿತು.

ಹೊಸನಗರಕ್ಕೆ ಹಿಂತಿರುಗಿದವನು ಷಟಲ್ ಹಡಗನ್ನೇ ಆರಿಸಿ, ಐದು ಬಂದರುಗಳಿಗೆ ಯೋಜನೆ ಹಾಕಲು ಕೂತ. ಶಾಲೆಯ ಅಟ್ಲಾಸು, ಗ್ರಂಥಾಲಯದಿಂದ ತಂದ ಎರಡು ಪುಸ್ತಕ, ಆ ಪುಸ್ತಿಕೆ. ಬ್ರಿಜ್‌ಟೌನಿನಲ್ಲಿ ಧರ್ಮಪ್ಪನನ್ನು ಪೇಟೆಯಲ್ಲಿ ಬಿಟ್ಟರೆ ತಾನೊಬ್ಬನೇ ಮೈದಾನದವರೆಗೆ ನಡೆದು ಹೋಗಬಹುದು. ಆಟವಿಲ್ಲದಿದ್ದರೂ ಗೇಟಿನ ಹೊರಗೆ ನಿಂತು ನೋಡಬಹುದು. ಗ್ರೆನಡಾದಲ್ಲಿ ಜಾಯಿಕಾಯಿ ಮರ. ಪೋರ್ಟ್ ಆಫ್ ಸ್ಪೇನಿನಲ್ಲಿ, ನೂರು ವರ್ಷದ ಹಿಂದೆ ಕಬ್ಬಿನ ಗದ್ದೆಗೆಂದು ಹೋದ ನಮ್ಮ ದೇಶದವರ ಮೊಮ್ಮಕ್ಕಳು. ಅವರು ಯಾವ ಭಾಷೆಯಲ್ಲಿ ಮಾತಾಡಿಸುತ್ತಾರೋ. ಒಂದು ಸಂಜೆ ಸ್ಟುಡಿಯೋಗೆ ಹೋಗಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಿಕೊಂಡ.

"ಎಂತಕ್ಕೆ ಮೇಷ್ಟ್ರೇ, ಪ್ರಮೋಶನ್ನಾ?" ಎಂದ ಫೋಟೋದವನು.

"ಯಾವ್ದಕ್ಕೂ ಇರ್ಲಿ."

ಅಂಗಿಯ ಜೇಬಿನಲ್ಲಿ ಫೋಟೋ ಕಂಡ ವರದಮ್ಮ, "ಚೆನ್ನಾಗಿ ಬಂದಿದೆ," ಎಂದಳು. ಯಾತಕ್ಕೆಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುವುದೆಂದು ಚಂದ್ರಯ್ಯ ಒಂದು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದ. ಅದು ಹಾಗೇ ಉಳಿಯಿತು.

ಮುಂದಿನ ಭಾನುವಾರ ಗಂಡಹೆಂಡಿರಿಬ್ಬರೂ ತೀರ್ಥಹಳ್ಳಿಗೆ ಹೋದರು. ಕಡುಬು, ಕೋಳಿ ಸಾರು. ಪುಷ್ಪ ಬಡಿಸುತ್ತಿದ್ದಳು. ಚಂದ್ರಯ್ಯ ಬರೆದು ತಂದದ್ದನ್ನು ಧರ್ಮಪ್ಪನ ಮುಂದೆ ಇಟ್ಟ. ಧರ್ಮಪ್ಪ ಎಂಜಲು ಕೈ ಮೇಲೆತ್ತಿಕೊಂಡು, ಎಡಗೈಯಿಂದ ಒಂದೊಂದೇ ಹಾಳೆ ಸರಿಸಿ ನೋಡಿದ.

"ಎಷ್ಟು ಚಂದ ಬರ್ದಿದೀರಿ ಭಾವ! ನಿಮಗೆ ಸುಮ್ನೆ ತೊಂದ್ರೆ ಕೊಟ್ಟಂಗಾಯ್ತು. ಇವಳು ಬರದಿಲ್ಲ ಅಂತಾಳೆ."

"ಹೌದಾ?" ಎಂದ ಚಂದ್ರಯ್ಯ, ಕಡುಬಿನತ್ತ ನೋಡುತ್ತ. "ಬದಲಿಗೆ ಬೇರೆ ಯಾರಾದ್ರೂ..."

"ಹೂಂ, ಕಂಪನಿಯೋರನ್ನ ಕೇಳ್ದೆ. ಹೆಂಡ್ತಿನೇ ಆಗ್ಬೇಕಂತಿಲ್ಲ, ಯಾರಾದ್ರೂ ಆಗುತ್ತೆ ಅಂದ್ರು. ನಿಮ್ಮನ್ನೇ ಕರ್ಕೊಂಡು ಹೋಗೋಣ ಅಂತ ಒಂದು ಮನಸ್ಸಿತ್ತು ನೋಡಿ."

ಚಂದ್ರಯ್ಯನ ಕೈ ಎಲೆಯ ಮೇಲೆ ನಿಂತಿತು.

"ಆಮೇಲೆ ಯೋಚ್ನೆ ಮಾಡ್ದೆ," ಧರ್ಮಪ್ಪ ಮೂಳೆ ಚೀಪಿ ಪಕ್ಕಕ್ಕಿಟ್ಟ. "ಆ ಹಡಗಿನ ಫೋಟೋದಲ್ಲಿ ಎಲ್ಲ ಜೋಡಿ ಜೋಡಿ ನಿಂತಿರ್ತಾರೆ. ನಾನು ಮೇಷ್ಟ್ರನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಹುಣ್ಣಿಮೆ ಚಂದ್ರನ್ನ ನೋಡ್ಲಾ? ನೀವು ಅದಕ್ಕೂ ಭೂಮಿಯಿಂದ ಎಷ್ಟು ದೂರ ಅಂತ ಪಾಠ ಮಾಡ್ತೀರಿ!"

ವರದಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಪುಷ್ಪ "ಥೂ, ಸುಮ್ನಿರಿ" ಎಂದಳು. ಚಂದ್ರಯ್ಯನೂ ನಕ್ಕ. ನಗಲೇಬೇಕಿತ್ತು.

"ತಮಾಷೆ ಅಲ್ಲ ಭಾವ," ಎಂದ ಧರ್ಮಪ್ಪ, ದನಿ ಬದಲಿಸಿ. "ಮದುವೆಯಾದಾಗಿಂದ ಇವಳನ್ನ ನಾನು ಎಲ್ಲಿಗೂ ಕರ್ಕೊಂಡು ಹೋಗ್ಲಿಲ್ಲ. ಇವಳಿಗೇಂತ ಆ ಪಂಪು ಮಾರಿದ್ದು. ಇವಳಿಲ್ದೆ ನಾನೊಬ್ಬ ಅಲ್ಲಿ ಹೋಗಿ ಎಂತ ಮಾಡ್ಲಿ? ಪ್ರವಾಸ ಬೇಡ ಅಂದ್ರೆ ಫ್ರಿಜ್ಜು ಕೊಡ್ತಾರಂತೆ. ಕೊಡಿ ಅಂದ್ಬಿಟ್ಟೆ."

ಚಂದ್ರಯ್ಯ ತಲೆಯಾಡಿಸಿದ. ಇಷ್ಟು ದಿನ ಅವನು ಹೊಟ್ಟೆಕಿಚ್ಚುಪಟ್ಟದ್ದು ಹಡಗಿಗೆ, ಬಂದರಿಗೆ. ಈಗ ಅವೆರಡೂ ಯಾರಿಗೂ ಇಲ್ಲವಾಗಿದ್ದರೂ ಕಿಚ್ಚು ಆರಲಿಲ್ಲ. ಹೆಂಡತಿ ಬರುವುದಿಲ್ಲವೆಂದು ಒಂದು ಸಮುದ್ರವನ್ನೇ ಬಿಟ್ಟು, ಅದನ್ನು ಹೇಳಿ ಇನ್ನೊಂದು ಕಡುಬು ಹಾಕಿಸಿಕೊಳ್ಳುವ ಗಂಡಸನ್ನು ಅವನು ಎದುರಿಗೆ ನೋಡುತ್ತಿದ್ದ. ತಾನು ಹಾಕಿದ ಐದು ದಿನಗಳ ಯೋಜನೆಯಲ್ಲಿ ವರದಮ್ಮನ ನೆನಪು ಒಮ್ಮೆಯೂ ಬಂದಿರಲಿಲ್ಲವೆಂದು ಆಗ ಹೊಳೆಯಿತು.

ಬೇಸಿಗೆಯಲ್ಲಿ ಅವನು ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದವನು ಬರುವಾಗ ತೀರ್ಥಹಳ್ಳಿಯಲ್ಲಿ ಇಳಿದ. ಒಳಮನೆಯ ಗೋಡೆಗೆ ತಾಗಿ ಫ್ರಿಜ್ಜು ನಿಂತಿತ್ತು. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಪುಷ್ಪ ಐಸಿನ ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ತಟ್ಟಿ, ಪುನರ್ಪುಳಿ ಪಾನಕಕ್ಕೆ ನಾಲ್ಕು ಗಟ್ಟಿ ಹಾಕಿ ತಂದಳು. ಪಕ್ಕದ ಮನೆಯವರಿಗೆಲ್ಲ ಅವಳು ಹೇಳಿಯಾಗಿತ್ತು: ನಮ್ಮ ಭಾವ ಹೇಳದಿದ್ದರೆ ನಾನು ಆ ಸಮುದ್ರದಲ್ಲಿ ಸತ್ತೇ ಹೋಗುತ್ತಿದ್ದೆ ಎಂದು.

"ಈಗಾದ್ರೂ ಹೇಳಿ ಭಾವ, ಆ ಊರುಗಳ ಕಥೆ," ಎಂದು ಎದುರಿಗೆ ನೆಲದ ಮೇಲೆ ಕೂತಳು. "ಹೆಂಗೂ ಹೋಗದಿಲ್ವಲ್ಲ. ಇನ್ನು ಕೇಳಕ್ಕೆ ಹೆದ್ರಿಕೆ ಎಂತ?"

ಮೊದಲು ಬೇಡವೆನಿಸಿತು. ಆದರೆ ಇಷ್ಟು ಆಸೆಯಿಂದ ಅವನನ್ನು ಯಾರೂ ಆ ದ್ವೀಪಗಳ ಬಗ್ಗೆ ಕೇಳಿರಲಿಲ್ಲ. ಚಂದ್ರಯ್ಯ ಶುರುಮಾಡಿದ. ಸಂತೆಯಲ್ಲಿ ಬುಟ್ಟಿ ತಲೆಯ ಮೇಲೆ ಹೊತ್ತು ಕೂಗುವ ಹೆಂಗಸರು, ಬಣ್ಣದ ಮರದ ಮನೆಗಳು, ತಳದ ಕಲ್ಲು ಕಾಣುವಷ್ಟು ತಿಳಿಯಾದ ನೀರು. ಹೇಳುತ್ತ ಹೇಳುತ್ತ ಅವನೇ ಅಲ್ಲಿಗೆ ಹೋಗಿಬಿಟ್ಟಿದ್ದ.

"ಬೆಳಿಗ್ಗೆ ಎದ್ದರೆ ಹಡಗು ನಿಂತಿದೆಯೋ ಹೋಗ್ತಾ ಇದೆಯೋ ಅಂತಲೇ ಗೊತ್ತಾಗದಿಲ್ಲ ಪುಷ್ಪ. ಅಷ್ಟು ದೊಡ್ಡದು ಅದು. ಮೇಜಿನ ಮೇಲೆ ಲೋಟದಲ್ಲಿಟ್ಟ ನೀರೂ ತುಳುಕದಿಲ್ಲ..."

ಪುಷ್ಪ ಅವನ ಮುಖ ನೋಡಿದಳು. ಚಂದ್ರಯ್ಯ ನಿಲ್ಲಿಸಿದ. ಫ್ರಿಜ್ಜು ಒಮ್ಮೆ ನಡುಗಿ ಸದ್ದು ಶುರುಮಾಡಿತು. ಹೊರಗೆ ಅಂಗಡಿಯಲ್ಲಿ ಧರ್ಮಪ್ಪ ಯಾರನ್ನೋ ರೇಗಿಸಿ ನಗುತ್ತಿದ್ದ.

"ತುಳುಕದೇ ಇಲ್ವಾ?" ಎಂದಳು ಅವಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವವಳಂತೆ, "ಹಂಗಾರೆ ನಂಗೆ ಎಂತದೂ ಆಗ್ತಿರ್ಲಿಲ್ವೇನೋ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಉತ್ತರಕ್ಕೆ ಕಾದಳು. ಆಮೇಲೆ ಎದ್ದು, ಅವನ ಲೋಟಕ್ಕೆ ಇನ್ನೆರಡು ಐಸಿನ ಗಟ್ಟಿ ಹಾಕಿದಳು.

ಹೌದು, ನಿನಗೆ ಏನೂ ಆಗುತ್ತಿರಲಿಲ್ಲ ಎಂದು ಚಂದ್ರಯ್ಯ ಹೇಳಲಿಲ್ಲ.