ಸಿಸ್ಟರ್ ತಿದ್ದಲಾರದೆ ಉಳಿದ ಮಾತು

ಜಮಾಲುನ್ನೀಸಾ ಸಿಸ್ಟರ್ ಯಾರೊಂದಿಗೂ ನಿಂತುಕೊಂಡು ಮಾತಾಡುವವರಲ್ಲ. ತುಮಕೂರಿನ ನಡುರಸ್ತೆಯಲ್ಲಿ ಎದುರಾದರೂ ಅಷ್ಟೆ, ನಮ್ಮನ್ನು ಯಾವುದಾದರೊಂದು ಅಂಗಡಿಯ ಜಗಲಿಗೆ ಕರೆದೊಯ್ದು ಕೂರಿಸಿ, ತಾವೂ ಕೂತು, ಕಡುಬೇಸಿಗೆಯಲ್ಲೂ ಕಳಚದ ನೀಲಿ ಸ್ವೆಟರಿನ ತೋಳನ್ನು ಸರಿಮಾಡಿಕೊಂಡ ಮೇಲೆಯೇ ಕುಶಲಪ್ರಶ್ನೆ. ನಡಿಗೆಯಲ್ಲಿ ಮಾತ್ರ ಮೂವತ್ತು ವರ್ಷ ವಾರ್ಡುಗಳಲ್ಲಿ ಓಡಾಡಿದ ಅವಸರ ಹಾಗೇ ಉಳಿದಿದೆ. ಅರವತ್ತು ದಾಟಿದ ಆ ಕೃಶಕಾಯದ ಹಿಂದೆ ನನ್ನಂಥ ದಢೂತಿ ಕನ್ನಡ ಮೇಷ್ಟರು ಏದುಸಿರು ಬಿಡುತ್ತಾ ಓಡಬೇಕು.

ನಿವೃತ್ತಿಯ ನಂತರ ಅವರು, ರೋಗಿಗಳ ಮನೆಯವರೊಡನೆ ಹೇಗೆ ಮಾತಾಡಬೇಕೆಂದು ಹೊಸ ನರ್ಸುಗಳಿಗೆ ತರಬೇತಿ ಕೊಡುತ್ತಾರೆ. ಇವತ್ತು ಗುಬ್ಬಿ, ನಾಳೆ ಕುಣಿಗಲ್. ಈಗಿನ ಶಿಬಿರಗಳಲ್ಲಿ ರೋಗಿಯ ಹೆಂಡತಿಯ ಪಾತ್ರವನ್ನು ಮೊಬೈಲಿನೊಳಗಿನ ಎಐ ವಹಿಸುತ್ತದೆ. ಸ್ಪೀಕರಿಗೆ ಜೋಡಿಸಿದರೆ ಅಳುತ್ತದೆ, ರೇಗುತ್ತದೆ, ಗೋಗರೆಯುತ್ತದೆ. ಅದರ ಗ್ರಂಥಸ್ಥ ಕನ್ನಡಕ್ಕೆ ನಮ್ಮ ಸೀಮೆಯ ಮಾತು ಕಲಿಸಲು ನನ್ನನ್ನು ಕರೆದಿದ್ದರು. ‘ನನ್ನ ಪತಿಯ ಆರೋಗ್ಯಸ್ಥಿತಿ ಹೇಗಿದೆ’ ಎಂದು ಹುಲಿಯೂರುದುರ್ಗದ ಹೆಂಗಸು ಕೇಳಿದರೆ ನಾನು ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಹಾರಾಡಿದೆ. ಸಿಸ್ಟರ್ ನಕ್ಕರು.

“ಭಾಷೆ ನೀವು ನೋಡ್ಕಳಿ ಮೇಷ್ಟ್ರೇ. ಹೆಸರು ಮಾತ್ರ ಗಂಗಾಂಬಿಕೆ ಅಂತಾನೇ ಇರ್ಲಿ.”

ಎಲ್ಲ ಶಿಬಿರಗಳಲ್ಲೂ ಅದೇ ಹೆಸರು, ಅದೇ ಊರು. ಏಕೆಂದು ತಿಳಿದದ್ದು ಕುಣಿಗಲ್ಲಿನಲ್ಲಿ. ದೀಪಿಕಾ ಎಂಬ ಎಳೆಯ ನರ್ಸು ಯಂತ್ರದ ಆ ಹೆಂಗಸಿಗೆ ಗಂಡನ ಸಾವಿನ ಸುದ್ದಿ ಹೇಳುವ ಗಡಿಬಿಡಿಯಲ್ಲಿ ‘ಬಾಡಿ’ ಎಂದುಬಿಟ್ಟಳು. ಸಿಸ್ಟರ್ ಮುಖ ಬಿಳಿಚಿಕೊಂಡಿತು. ಗದರಲಿಲ್ಲ, ಹನ್ನೊಂದು ವರ್ಷದ ಹಿಂದಿನ ತಮ್ಮ ಕತೆಯನ್ನೇ ಎಲ್ಲರ ಮುಂದೆ ಹೇಳಿದರು. ಡ್ಯೂಟಿ ಬದಲಾಗುವ ಹೊತ್ತು. ಗಂಜಿ ತರಲು ಹೋಗಿದ್ದ ಗಂಗಾಂಬಿಕೆ ಹಿಂದಿರುಗುವಷ್ಟರಲ್ಲಿ ಗಂಡ ಅಡವಿಯಪ್ಪ ತೀರಿಕೊಂಡಿದ್ದರು. ಬೇರೆ ಯಾರೋ ತಿಳಿಸಿರುತ್ತಾರೆಂದುಕೊಂಡು ಸಿಸ್ಟರ್ ಕಾರಿಡಾರಿನಲ್ಲಿ ನಿಂತಲ್ಲೇ ಒಂದು ಪ್ರಶ್ನೆ ಕೇಳಿದ್ದರು.

“‘ಬಾಡಿ ಯಾರು ತಗೊಂಡೋಗ್ತೀರಾ?’ ಅಂದೆ ಕಣ್ರಮ್ಮಾ. ಅವ್ರಿಗೆ ಗೊತ್ತೇ ಇರ್ಲಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಿಸ್ಟರ್ ಯಂತ್ರದ ಎದುರು ಕೂತು ಕ್ಷಮೆ ಕೇಳಿದರು. “ಬುಡಿ ಸಿಸ್ಟ್ರೇ, ನಿಮ್ದೇನೂ ತಪ್ಪಿಲ್ಲ” ಎಂದಿತು ಅದು, ನಾನು ಕಲಿಸಿದ ಅಪ್ಪಟ ಭಾಷೆಯಲ್ಲಿ. ನನಗೇ ನಾಚಿಕೆಯಾಯಿತು.

“ಮನೇಲೂ ದಿನಾ ಕೇಳ್ತೀನಿ ಮೇಷ್ಟ್ರೇ. ದಿನಾ ಹಿಂಗೇ ಅನ್ನುತ್ತೆ. ಇದು ಅಂದ್ರೆ ಏನ್ ಬಂತು? ಅವ್ರು ಅನ್ಬೇಕು.”

ಹುಲಿಯೂರುದುರ್ಗದಲ್ಲಿ ಗಂಗಾಂಬಿಕೆ ನಡೆಸುವ ದಿನಸಿ ಅಂಗಡಿಯ ಎದುರಿನವರೆಗೆ ಸಿಸ್ಟರ್ ಎರಡು ಸಲ ಹೋಗಿ ವಾಪಸಾಗಿದ್ದರಂತೆ. ಒಂದು ಮಾತಿಗಾಗಿ ಹೀಗೆ ಹಂಬಲಿಸಿದವರನ್ನು ನಾನು ಕಂಡಿಲ್ಲ. ಸಿಟ್ಟು ಬಂತು. “ನಡೀರಿ, ಬಸ್ಸಿದೆ” ಎಂದು ರೇಗಿ ಕರೆದುಕೊಂಡು ಹೋದೆ.

ಅಂಗಡಿಯಲ್ಲಿ ಗಂಗಾಂಬಿಕೆ ಬೆಲ್ಲ ತೂಗುತ್ತಿದ್ದರು, ಹಣೆಯ ತುಂಬ ವಿಭೂತಿ. ನೋಡಿದೊಡನೆ ಗುರುತು ಹಿಡಿದರು. ನೂರಾರು ಸಲ ಅಭ್ಯಾಸ ಮಾಡಿದ್ದ ವಾಕ್ಯಗಳೆಲ್ಲ ಸಿಸ್ಟರಿಗೆ ಮರೆತೇಹೋದವು. “ಅವತ್ತು ನಾನು ಹಂಗನ್ನಬಾರ್ದಿತ್ತಮ್ಮಾ” ಎಂದು ಅತ್ತರು, ಅಷ್ಟೆ.

“ಆ ಮಾತು ಇವತ್ಗೂ ಕಿವೀಲೇ ಐತೆ” ಎಂದರು ಗಂಗಾಂಬಿಕೆ. ಕ್ಷಮಿಸಿದೆ ಎನ್ನಲಿಲ್ಲ. ತಕ್ಕಡಿಗೆ ಇನ್ನೊಂದು ಚೂರು ಬೆಲ್ಲ ಹಾಕುತ್ತಾ, “ನಾನು ಗಂಜಿ ತರಕ್ಕೋಗಿದ್ನಲ್ಲ, ಆಗ ನೀವು ಪಕ್ಕದಲ್ಲಿದ್ರಾ? ಕೊನೇಗೆ ಏನಾದ್ರೂ ಅಂದ್ರಾ ನಮ್ಮೆಜಮಾನ್ರು?” ಎಂದು ಕೇಳಿದರು.

ಯಂತ್ರ ಒಮ್ಮೆಯೂ ಇದನ್ನು ಕೇಳಿರಲಿಲ್ಲ. ಸಿಸ್ಟರ್ ಕಣ್ಣೊರೆಸಿಕೊಂಡರು.

“ಇದ್ದೆನಮ್ಮಾ. ‘ಬೆಳಗ್ಗಿಂದ ಅವಳು ಏನೂ ತಿಂದಿಲ್ಲ, ಬಂದ್ರೆ ಮೊದ್ಲು ತಿನ್ನಕ್ಕೆ ಹೇಳಿ’ ಅಂದ್ರು.”

ಗಂಗಾಂಬಿಕೆ ತಕ್ಕಡಿ ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡರು. ಸೆರಗಿನೊಳಗಿಂದಲೇ ಮಾತು ಬಂತು: “ಇದುನ್ನ ಯಾಕೆ ಇಷ್ಟು ವರ್ಷ ನಿಮ್ಮತ್ರನೇ ಇಟ್ಕಂಡಿದ್ರಿ?”

ಅಂತಃಕರಣವುಳ್ಳ ಜನ ತಾವಾಡಿದ ಒಂದು ತಪ್ಪು ಮಾತಿಗಾಗಿ ಜೀವಮಾನವಿಡೀ ಕೊರಗುತ್ತಾರೆ. ತಮಗೆ ಬೇಕಾದ ಕ್ಷಮೆಗೆ ಹಾತೊರೆಯುತ್ತಾ, ಎದುರಿನವರು ಹಾತೊರೆಯುವ ಮಾತೊಂದು ತಮ್ಮ ಬಳಿಯೇ ಉಳಿದಿದೆ ಎಂಬುದನ್ನು ಮರೆತುಬಿಡುತ್ತಾರೆ. ಒಳ್ಳೆಯವರ ಸಂಕೋಚವೂ ಒಮ್ಮೊಮ್ಮೆ ಇಷ್ಟು ಕ್ರೂರವಾಗಿರುತ್ತದೆ.